ಆಗ್ನೆಸ್ ಆಂಟಿಯ ಕರ್ಚೀಫು, ನನ್ನ ಮುಕ್ತಾಯ

ಮದ್ದಳೆ ಬಾರಿಸಲು ಬರುತ್ತದೆ ಎಂದು ನಾನು ಮಲೇಷ್ಯಾದಲ್ಲಿ ಯಾರ ಹತ್ತಿರವೂ ಬಾಯಿ ಬಿಡಬಾರದಿತ್ತು. ಹನ್ನೊಂದು ವರ್ಷ ಬಾಯಿ ಬಿಟ್ಟಿರಲಿಲ್ಲ. ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುವವನಿಗೆ ಅದನ್ನು ಹೇಳುವ ಸಂದರ್ಭವಾದರೂ ಎಲ್ಲಿ ಬರುತ್ತದೆ? ಆದರೆ ಆಗ್ನೆಸ್ ಆಂಟಿಯ ಮನೆ ಜಗಲಿಯಲ್ಲಿ ಕೂತು ಅನಾನಸ್ ಟಾರ್ಟ್ ತಿನ್ನುತ್ತಿದ್ದಾಗ ಬಂದೇಬಿಟ್ಟಿತು.

ಆಂಟಿಗೆ ಎಪ್ಪತ್ತೊಂಬತ್ತು ವರ್ಷ. ಮನೆ ನಮ್ಮಿಂದ ಎರಡು ಬೀದಿ ಆಚೆ, ಸಮುದ್ರದ ಪಕ್ಕದ ಪೋರ್ಚುಗೀಸ್ ಕೇರಿಯಲ್ಲಿ. ಯಾವುದೋ ಕಾಲದಲ್ಲಿ ಹಡಗಿನಲ್ಲಿ ಬಂದ ಪೋರ್ಚುಗೀಸರು ಇಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿ ಇಲ್ಲಿಯೇ ಉಳಿದರಲ್ಲ, ಅವರ ಸಂತತಿ. ನಾನು ಡಾಕ್ಟರ್ ಎಂದು ಯಾರೋ ಹೇಳಿದ ದಿನವೇ ಆಂಟಿ ತಮ್ಮ ಮಂಡಿಯನ್ನು ನನಗೆ ಒಪ್ಪಿಸಿಬಿಟ್ಟಿದ್ದರು. ಮಂಡಿಯ ಒಳಗಿರುವ ಎಲ್ಲದರ ಹೆಸರೂ ನನಗೆ ಗೊತ್ತು, ಆದರೆ ಇದುವರೆಗೆ ಒಂದು ಮಂಡಿಯನ್ನೂ ವಾಸಿ ಮಾಡಿದವನಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಹಾಗಾಗಿ ಪ್ರತಿ ವಾರ ಮಂಡಿ ನೋಡುವುದು, ಗಂಭೀರವಾಗಿ ಎರಡು ಹೆಸರು ಹೇಳುವುದು, ಟಾರ್ಟ್ ತಿಂದು ಬರುವುದು ರೂಢಿಯಾಗಿತ್ತು.

ಆ ಕೇರಿಯವರದ್ದೊಂದು ಕುಣಿತದ ತಂಡವಿದೆ. ಕುಣಿಯುವುದು ಪೋರ್ಚುಗಲ್ಲಿನ ಹಳ್ಳಿಗಾಡಿನ ಕುಣಿತಗಳನ್ನು: ದ್ರಾಕ್ಷಿ ಕೊಯ್ಯುವವರದ್ದು, ಕುರಿ ಕಾಯುವವರದ್ದು. ಅಜ್ಜ ಅಜ್ಜಿಯರು ಪಾದ್ರಿಯೊಬ್ಬರು ತಂದುಕೊಟ್ಟ ಪುಸ್ತಕ ನೋಡಿ ಕಲಿತದ್ದಂತೆ. ತಂಡದಲ್ಲಿ ಒಬ್ಬರೂ ಪೋರ್ಚುಗಲ್ ನೋಡಿದವರಲ್ಲ. ದ್ರಾಕ್ಷಿಯನ್ನು ಸೂಪರ್ ಮಾರ್ಕೆಟ್ಟಿನಲ್ಲಿ ನೋಡಿದ್ದಾರೆ. ಚಳಿಯ ಊರಿನವರು ಹಾಕುವ ಕಪ್ಪು ಉಣ್ಣೆಯ ಕೋಟು, ಟೋಪಿ ಹಾಕಿಕೊಂಡು ಮೆಲಾಕಾದ ಸೆಕೆಯಲ್ಲಿ ಬೆವರಿಳಿಸುತ್ತಾ ಕುಣಿಯುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಆಮೇಲೆ ಪುಚೊಂಗ್ ಎಂಬ ಊರಿನಲ್ಲಿ ಇಲ್ಲಿಯ ಕನ್ನಡಿಗರು ಮಾಡಿದ ರಾಜ್ಯೋತ್ಸವ ನೆನಪಾಯಿತು. ಅಲ್ಲಿ ನನ್ನ ಮಗಳು ಫೋನ್ ನೋಡಿ ಕಲಿತ ಸುಗ್ಗಿ ಕುಣಿತ ಮಾಡಿದ್ದಳು. ಅವಳು ಗದ್ದೆಗೆ ಕಾಲಿಟ್ಟವಳಲ್ಲ. ಅಲ್ಲಿಗೆ ನನ್ನ ನಗು ನಿಂತಿತು.

ಪುಸ್ತಕದ ಕುಣಿತಗಳೆಲ್ಲ ಮುಗಿದ ಮೇಲೆ ಕೊನೆಗೆ ಬ್ರಾನ್ಯೊ. ಇದು ಪುಸ್ತಕದ್ದಲ್ಲ, ಮನೆಯದು. ಎರಡು ಸಾಲಿನಲ್ಲಿ ಎದುರುಬದುರು ನಿಂತು ಕುಣಿಯುತ್ತಾರೆ. ದಣಿದವರು ಹೊರಗೆ ಬರುತ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು ಹೋಗುತ್ತಾರೆ. ಪಿಟೀಲು, ಡೋಲು ಮಾತ್ರ ನಿಲ್ಲುವುದಿಲ್ಲ. ಈ ತಂಡದಲ್ಲಿ ಎಲ್ಲರಿಗಿಂತ ಹಿರಿಯರು ಕಟ್ಟಕಡೆಗೆ ಕುಣಿತಕ್ಕೆ ಇಳಿಯಬೇಕು. ಅವರು ಕುಣಿದು, ಹೆಗಲ ಮೇಲಿನ ಕೆಂಪು ಕರ್ಚೀಫನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಾಗಲೇ ಡೋಲು ನಿಲ್ಲಬೇಕು. ಹಿರಿಯರು ಎಂದರೆ ಆಗ್ನೆಸ್ ಆಂಟಿ.

ಜೂನ್ ತಿಂಗಳ ಮೀನುಗಾರರ ಹಬ್ಬಕ್ಕೆ ಮೂರು ವಾರವಿರುವಾಗ ಡೋಲಿನವನಿಗೆ ಸಿಂಗಾಪುರದಲ್ಲಿ ಕೆಲಸ ಸಿಕ್ಕಿತು. ಆಂಟಿ ಚಿಂತೆಗೆ ಬಿದ್ದರು. ಅದಕ್ಕೆ ಕಾರಣವೂ ಇತ್ತು. ಅವರ ತಮ್ಮ ಲಯೊನೆಲ್ ಪರ್ತ್‌ನಿಂದ ಬರುವವರಿದ್ದರು. ಅಕ್ಕ ತಮ್ಮ ಜೊತೆಯಾಗಿ ಕುಣಿಯದೆ ಒಂಬತ್ತು ವರ್ಷವಾಗಿತ್ತು. ಹೃದಯದ ತೊಂದರೆ ಇರುವ ತಮ್ಮನಿಗೆ, ಇದೊಂದು ಸಲ ಹೋಗಿ ಬನ್ನಿ, ಇನ್ನು ವಿಮಾನ ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿದ್ದರಂತೆ. ಇದನ್ನೆಲ್ಲ ಕೇಳಿ ಎರಡನೆಯ ಟಾರ್ಟ್ ಕೆಳಗಿಟ್ಟು ಹೇಳಿದೆ: "ನಾನು ಬಾರಿಸುತ್ತೇನೆ."

ಮನೆಗೆ ಬಂದು ಹೇಳಿದಾಗ ಹೆಂಡತಿ ಸುಮಂಗಲಾ, ಬ್ರಹ್ಮಾವರದಲ್ಲಿ ಹೈಸ್ಕೂಲಿನಲ್ಲಿದ್ದಾಗ ಕಲಿತದ್ದು ಇಲ್ಲಿಯ ಡೋಲಿಗೆ ಆಗುತ್ತದೆಯೇ ಎಂದು ಕೇಳಿದಳು. ತಾಳ ಎಲ್ಲಿಯಾದರೂ ತಾಳವೇ ಎಂದೆ. ಅವಳು ಅನುಮಾನದಿಂದ ನನ್ನ ಬೆರಳುಗಳನ್ನು ನೋಡಿದಳು.

ಮೂರು ಶನಿವಾರ ಅಭ್ಯಾಸಕ್ಕೆ ಹೋದೆ. ಅಭ್ಯಾಸಕ್ಕಿಂತ ಹೆಚ್ಚಾಗಿ ಉಪನ್ಯಾಸ ಮಾಡಿದೆ. ನಮ್ಮ ಕರಾವಳಿಗೂ ಪೋರ್ಚುಗೀಸರು ಬಂದಿದ್ದರು, ಆದ್ದರಿಂದ ನಾವೂ ನೀವೂ ಒಂದೇ ಎಂದು ವಿವರಿಸಿದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡರು. ಪಿಟೀಲಿನ ಜೋ ಅಂಕಲ್ ಮಾತ್ರ ಪ್ರತಿ ಸಲವೂ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಸಮೇತ, ಒಂದೇ ಮಾತು ಹೇಳಿದರು: "ಡಾಕ್ಟರ್, ನೀನು ಆಂಟಿಯನ್ನು ನೋಡುತ್ತಿರು. ಬೇರೆ ಏನನ್ನೂ ನೋಡಬೇಡ ಲಾ."

ಇಷ್ಟು ಸುಲಭದ ಕೆಲಸ. ಅಷ್ಟನ್ನು ಮಾಡಿದ್ದರೆ ಇದನ್ನು ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಹಬ್ಬದ ಸಂಜೆ ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ, ಮಗಳು, ಜೊತೆಗೆ ಕಾಲೇಜಿನ ಎಂಟು ಜನ ಸಹೋದ್ಯೋಗಿಗಳು. ಅವರನ್ನು ಕರೆದವನು ನಾನೇ, ಒಬ್ಬೊಬ್ಬರಿಗೂ ಎರಡೆರಡು ಸಲ ಫೋನ್ ಮಾಡಿ. ದ್ರಾಕ್ಷಿಯವರ ಕುಣಿತ ಮುಗಿಯಿತು, ಕುರಿಯವರದ್ದೂ ಮುಗಿಯಿತು. ಬ್ರಾನ್ಯೊ ಶುರುವಾಯಿತು. ಒಂದು ಜೋಡಿ ಹೋಯಿತು, ಇನ್ನೊಂದು ಬಂತು. ಮಣಿಪಾಲದ ಕಡೆಯ ಶೆಟ್ಟರು ಮುಂದಿನ ಸಾಲಿನಿಂದ ತಲೆದೂಗಿದರು. ನಾನು ಸ್ವಲ್ಪ ವೇಗ ಹೆಚ್ಚಿಸಿದೆ. ಫಾರ್ಮಕಾಲಜಿಯವರು ಫೋನ್ ಎತ್ತಿ ವೀಡಿಯೊ ಹಿಡಿದರು. ಇನ್ನೂ ಹೆಚ್ಚಿಸಿದೆ. ಶೆಟ್ಟರು ಚಪ್ಪಾಳೆ ಹೊಡೆದದ್ದೇ ತಡ, ಮೂವತ್ತೈದು ವರ್ಷದ ಹಿಂದೆ ಗುರುಗಳು ಮೊಣಕೈಗೆ ಕೋಲಿನಿಂದ ತಟ್ಟಿ ತಟ್ಟಿ ಕಲಿಸಿದ್ದೆಲ್ಲ ಕೈಗೆ ಬಂದುಬಿಟ್ಟಿತು. ಯಕ್ಷಗಾನದಲ್ಲಿ ಪದ ಏರಿದ ಮೇಲೆ ಅದನ್ನು ಮುಗಿಸುವ ಪೆಟ್ಟುಗಳನ್ನು, ಅಂದರೆ ಮುಕ್ತಾಯವನ್ನು, ಕೊಡಬೇಕು. ಕೊಟ್ಟೆ. ಒಂದು ಸಲವಲ್ಲ, ಮೂರು ಸಲ! ಶಾಸ್ತ್ರೋಕ್ತವಾಗಿ!

ಅಷ್ಟು ಖಚಿತವಾದ ಮುಕ್ತಾಯವನ್ನು ಕೇಳಿದವರು ಯಾರು ತಾನೇ ಕುಣಿದಾರು? ಪಿಟೀಲು ನಿಂತಿತು. ಕಾಲುಗಳು ನಿಂತವು. ಭಾರಿ ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಎರಡೂ ಕಡೆಗೆ ತಲೆಬಾಗಿ ವಂದಿಸಿದೆ. ಬಲಗಡೆ ಬಾಗಿದಾಗ ಆಗ್ನೆಸ್ ಆಂಟಿ ಕಂಡರು. ತಮ್ಮನ ಕೈ ಹಿಡಿದುಕೊಂಡು, ವೇದಿಕೆಯ ಮೆಟ್ಟಿಲ ಮೇಲೆ ನೋಯುವ ಕಾಲನ್ನಿಟ್ಟು, ಹತ್ತಲು ಸಿದ್ಧರಾಗಿ ನಿಂತಿದ್ದರು. ಕರ್ಚೀಫು ಹೆಗಲ ಮೇಲೆಯೇ ಇತ್ತು.

ನಿರೂಪಕ ಆಗಲೇ ಧನ್ಯವಾದ ಹೇಳಿಯಾಗಿತ್ತು. ಮುಂದಿನ ಗಾಯಕ ಮೈಕ್ ಹಿಡಿದು ಬಂದಿದ್ದ. ಇನ್ನೈದು ನಿಮಿಷ ಕೊಡಿ ಎಂದು ಜೋ ಅಂಕಲ್ ಕೇಳಿಕೊಂಡರು. ಅತಿಥಿಗಳಿಗೆ ತಡವಾಗುತ್ತದೆ ಎಂದು ನಿರೂಪಕ ಒಪ್ಪಲಿಲ್ಲ. ನಾನು ಡೋಲು ಅವುಚಿಕೊಂಡು ಆಂಟಿಯ ಮುಂದೆ ಹೋಗಿ ನಿಂತೆ. ಅವರು ಬೈದಿದ್ದರೆ ಚೆನ್ನಾಗಿತ್ತು.

"ಪರವಾಗಿಲ್ಲ ಲಾ, ಡಾಕ್ಟರ್," ಎಂದರು. "ತುಂಬ ಚೆನ್ನಾಗಿ ಬಾರಿಸಿದೆ."

ಡೋಲು ಹೊತ್ತುಕೊಂಡು ಮನೆಗೆ ನಡೆದೆವು. ಸಾಮಾನ್ಯವಾಗಿ ಅಪ್ಪನ ವಿಷಯದಲ್ಲಿ ಆಸಕ್ತಿ ತೋರಿಸದ ಮಗಳು ಹಿಂದಿನಿಂದ "ಅಪ್ಪಾ, ಶಿ ವಾಸ್ ಆಲ್‌ಮೋಸ್ಟ್ ದೇರ್" ಎಂದಳು. ಮನೆಯ ಗೇಟಿನ ಮುಂದೆ ಸುಮಂಗಲಾ ಬಾಯಿಬಿಟ್ಟಳು. "ನೀವು ಅವರನ್ನು ನೋಡ್ಲೇ ಇಲ್ಲ ಮಾರಾಯ್ರೆ. ಶುರುವಿನಿಂದ ಕಡೇ ತನಕ ನಮ್ಮನ್ನೇ ನೋಡ್ತಿದ್ರಿ, ಚಪ್ಪಾಳೆ ಹೊಡೀತಾರಾ ಅಂತ."

ನಿಜ. ನನಗೆ ನಾಚಿಕೆಯಾಯಿತು. ಆ ಜನ ನೋಡದ ಊರಿನ ಕುಣಿತವನ್ನು ಮೂರು ತಲೆಮಾರಿನಿಂದ ಹುಷಾರಾಗಿ ಕೈಯಿಂದ ಕೈಗೆ ದಾಟಿಸಿಕೊಂಡು ಬಂದಿದ್ದರು. ನನ್ನ ಕೈಗೆ ಬಂದದ್ದು ಒಂದು ಸಂಜೆಯ ಮಟ್ಟಿಗೆ. ಅಷ್ಟರಲ್ಲಿ ಮುಗಿಸಿಬಿಟ್ಟಿದ್ದೆ.

ಲಯೊನೆಲ್ ಅಂಕಲ್ ಮರುದಿನ ಬೆಳಿಗ್ಗೆ ಎಂಟಕ್ಕೆ ಟ್ಯಾಕ್ಸಿಯಲ್ಲಿ ಏರ್‌ಪೋರ್ಟಿಗೆ ಹೊರಡುವವರು. ಏಳಕ್ಕೆ ಡೋಲು ಕಂಕುಳಲ್ಲಿಟ್ಟುಕೊಂಡು ಆಂಟಿಯ ಮನೆಗೆ ಹೋದೆ. ಪಿಟೀಲಿಗೆ ಕರೆಯೋಣವೆಂದರೆ ಜೋ ಅಂಕಲ್ ಫೋನ್ ಎತ್ತಲಿಲ್ಲ. ನಾನು ಮತ್ತೇನಾದರೂ ಮುಗಿಸಿಯೇನು ಎಂಬ ಭಯದಿಂದ ಸುಮಂಗಲಾ ಜೊತೆಗೆ ಬಂದಳು. ಆಂಟಿ ಬಾಗಿಲು ತೆರೆದು ಡೋಲನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಒಳಗೆ ಹೋಗಿ ಕೆಂಪು ಕರ್ಚೀಫು ಹೆಗಲಿಗೆ ಹಾಕಿಕೊಂಡು ಬಂದರು. ಹಿಂದೆ ಲಯೊನೆಲ್ ಅಂಕಲ್, ಪ್ರಯಾಣದ ಪ್ಯಾಂಟು, ಮನೆಯ ಚಪ್ಪಲಿ.

ಈ ಸಲ ಚಪ್ಪಾಳೆಯ ಆಸೆಗೆ ಬೀಳಬಾರದು, ಯಾರ ಮುಖವನ್ನೂ ನೋಡಲೇಬಾರದು ಎಂದು ನಿರ್ಧರಿಸಿದೆ. ಜಗಲಿಯ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿ ಬಾರಿಸತೊಡಗಿದೆ. ಚಪ್ಪಲಿಗಳು ನೆಲಕ್ಕೆ ಉಜ್ಜುವ ಸದ್ದು ಕೇಳಿತು. ಆಂಟಿ ನಕ್ಕದ್ದು ಕೇಳಿತು. ಕೈಗೆ ಮುಕ್ತಾಯದ ಚಪಲ ಬಂದಾಗಲೆಲ್ಲ ಹಲ್ಲು ಕಚ್ಚಿ ತಡೆದೆ. ನಡುವೆ ಯಾರೋ ಹೆಗಲು ತಟ್ಟಿದರು. ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ಬಾರಿಸಿದೆ. ಭುಜ ಕಳಚಿ ಬೀಳುವ ಹಾಗಾಯಿತು. ಆ ಭುಜದ ಸ್ನಾಯುಗಳ ಹೆಸರನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ಸಹಿಸಿದೆ. ನಿಲ್ಲಿಸಲಿಲ್ಲ.

ಬೆರಳು ಮರಗಟ್ಟಿದಾಗ ಒಂದು ಕಣ್ಣು ತೆರೆದೆ. ಜಗಲಿಯಲ್ಲಿ ಒಂದು ಬೆಕ್ಕಿತ್ತು. ಆಂಟಿ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕಾಫಿ ಕುಡಿಯುತ್ತಿದ್ದರು. ಸುಮಂಗಲಾ ಕುಡಿದು ಮುಗಿಸಿ ಲೋಟ ಕೆಳಗಿಟ್ಟಿದ್ದಳು. ಲಯೊನೆಲ್ ಅಂಕಲ್ ಎಲ್ಲಿ ಎಂದು ಕೇಳಿದೆ.

"ಹೋಗಿ ಕಾಲು ಗಂಟೆಯಾಯಿತು," ಎಂದರು ಆಂಟಿ. ಕಣ್ಣು ಒದ್ದೆಯಾಗಿತ್ತು, ಆದರೆ ಮುಖ ಗೆಲುವಾಗಿತ್ತು. "ನಿನ್ನ ಹೆಗಲು ತಟ್ಟಿ ಹೋದ. ನೀನು ಅಷ್ಟು ಖುಷಿಯಾಗಿ ಬಾರಿಸುತ್ತಿದ್ದೆ, ನಿಲ್ಲಿಸಲು ಮನಸ್ಸಾಗಲಿಲ್ಲ ಲಾ."

ಮನೆಗೆ ನಡೆದು ಬರುವಾಗ ಅವರಿಬ್ಬರೂ ಹೇಗೆ ಕುಣಿದರು ಎಂದು ಹೆಂಡತಿಯನ್ನು ಕೇಳಿದೆ. ಅವಳು ಹೇಳಿದಳು, ಕುಣಿದದ್ದು ಸ್ವಲ್ಪವೇ, ನಕ್ಕದ್ದೇ ಜಾಸ್ತಿ; ಕೊನೆಗೆ ಆಂಟಿ ಕರ್ಚೀಫನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ, ಮಡಚಿ ತಮ್ಮನ ಅಂಗಿಯ ಜೇಬಿಗೆ ಹಾಕಿದರು ಎಂದು.

ನನ್ನ ಮನಸ್ಸು ತುಂಬಿ ಬಂತು. ಒಂದು ಸಮಾಧಾನವೂ ಸಿಕ್ಕಿತು. ಹಾಗಾದರೆ ಕಣ್ಣು ತೆರೆದು ಕೂತಿದ್ದರೂ ನಿಲ್ಲಿಸುವ ಸನ್ನೆ ನನಗೆ ಸಿಗುತ್ತಿರಲಿಲ್ಲ ಎಂದೆ.

"ಸುಮ್ನಿರಿ ಮಾರಾಯ್ರೆ," ಎಂದಳು ಸುಮಂಗಲಾ. "ಮುಗೀತು ಅಂತ ಟ್ಯಾಕ್ಸಿಯವನಿಗೂ ಗೊತ್ತಾಯ್ತು."