ಮುಳ್ಳು ಏಳದ ಮನೆ

ಅನುಮಾನ ಪಡುವುದು ದುರ್ಗುಣ ಎಂದು ಹೇಳುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನಾವು ಅನುಮಾನ ಪಡದಿದ್ದರೆ ಇವರಿಗೇನು ಲಾಭ ಎಂದು ಯೋಚಿಸಬೇಕಾಗುತ್ತದೆ. ನಾನಂತೂ ಹಾಲಿಗೆ ಬೆರಳದ್ದಿ ನೋಡಿಯೇ ಪಾತ್ರೆ ಒಡ್ಡುವವನು. ಬಸ್ಸು ಹೊರಟ ಮೇಲೂ ಇದು ಯಳಂದೂರಿಗೇ ಹೋಗುತ್ತದೆಯೇ ಎಂದು ಕಂಡಕ್ಟರನನ್ನು ಕೇಳಿ, ಆಮೇಲೆ ಪಕ್ಕದವರನ್ನು ಕೇಳಿ, ಇಬ್ಬರೂ ಹೌದೆಂದರೆ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ತಿಳಿಯುವವನು. ಇದು ತಂದೆಯಿಂದ ಬಂದ ಆಸ್ತಿ. ಕೊಳ್ಳೇಗಾಲ ಮದರಾಸಿನವರ ಕೈಬಿಟ್ಟು ಮೈಸೂರಿಗೆ ಸೇರಿದಾಗ ಬೀದಿಯವರೆಲ್ಲ ಸಂತೋಷಪಟ್ಟರೆ, ನಮ್ಮ ತಂದೆ ತಮಿಳಿನಲ್ಲಿದ್ದ ಹಳೆಯ ಕಂದಾಯದ ರಸೀದಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದರು. "ಇವತ್ತು ಕೊಟ್ಟೋರು ನಾಳೆ ವಾಪಸ್ ಕೇಳ್ದೆ ಇದ್ದಾರಾ? ಕೇಳುದ್ರೆ ಏನ್ ತೋರುಸ್ತೀಯೆ?" ಎಂದು ನನ್ನನ್ನೇ ಗದರಿಸಿದರು. ಆ ಗಂಟು ಈಗಲೂ ಅಟ್ಟದ ಮೇಲಿದೆ. ನನಗೆ ಅದನ್ನು ಎಸೆಯುವ ಧೈರ್ಯವಿಲ್ಲ.

ನಮ್ಮದು ನೇಕಾರರ ಬೀದಿ. ನಾನು ಹೇಳುತ್ತಿರುವ ಕಾಲಕ್ಕೆ ಮನೆಯಲ್ಲಿ ಇದ್ದದ್ದು ಎರಡು ಮಗ್ಗ, ನನ್ನ ಹೆಂಡತಿ ಸರೋಜ, ಮದುವೆಯ ವಯಸ್ಸಿಗೆ ಬಂದಿದ್ದ ತಂಗಿ ಪದ್ಮ, ಮತ್ತು ಅವಳ ಮದುವೆಗೆಂದೇ ನಮ್ಮಜ್ಜಿ ಬಿಟ್ಟುಹೋಗಿದ್ದ ಒಂದು ಕಾಸಿನ ಸರ. ಸರ್ಕಾರ ಚಿನ್ನದ ಮೇಲೆ ಕಾಯಿದೆ ತಂದಿದ್ದ ದಿನಗಳು ಅವು. ಎಷ್ಟು ಇಟ್ಟುಕೊಳ್ಳಬಹುದು, ಯಾವುದನ್ನು ಬರೆದುಕೊಡಬೇಕು ಎನ್ನುವುದು ಬೀದಿಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆದ್ದರಿಂದ ಎಲ್ಲರೂ ಸಮನಾಗಿ ಹೆದರಿದ್ದರು. ಗುಲಗಂಜಿಯಷ್ಟು ಚಿನ್ನವಿದ್ದ ಹೆಂಗಸರೂ ಸೆರಗು ಹೊದ್ದು ನೀರಿಗೆ ಹೋಗುತ್ತಿದ್ದರು. ಅಂಥ ಸಮಯದಲ್ಲಿ ಒಂದು ಬೆಳಗ್ಗೆ ನಮ್ಮ ಬೀದಿಗೆ ಸರ್ಕಾರದ ಜೀಪು ಬಂತು.

ಜೀಪಿನ ತಲೆಯ ಮೇಲೆ ಒಂದು ಕಂಬ, ಕಂಬದ ತುದಿಗೆ ಬಾಚಣಿಗೆಯ ಹಾಗೆ ಜೋಡಿಸಿದ ಅಲ್ಯೂಮಿನಿಯಂ ಕೊಳವೆಗಳು. ಒಳಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮುಖದ ಮೇಲೆ ಗಡಿಯಾರದಂತೆ ಒಂದು ಮುಳ್ಳು. ಜೀಪು ಒಂದೊಂದು ಮನೆಯ ಮುಂದೂ ನಿಲ್ಲುವುದು, ಮುಳ್ಳು ಏಳುವುದು, ಕನ್ನಡಕದ ಎಂಜಿನಿಯರು ಅದನ್ನು ನೋಡಿ ಬರೆದುಕೊಳ್ಳುವುದು. ನಾನು ಮಗ್ಗದ ಹಾಸು ನೂಲಿಗೆ ಗಂಜಿ ಹಾಕುವ ಕೆಲಸ ಬಿಟ್ಟು ಎದ್ದುಹೋದೆ. "ಏನ್ ಸಾ ಇದು?" ಎಂದು ಕೇಳಿದೆ.

"ರೇಡಿಯೋ ಅಲೆ ಅಳೀತಾ ಇದೀವಿ. ಬೆಟ್ಟದ ಮೇಲೆ ನಮ್ಮದೊಂದು ಯಂತ್ರ ಇದೆ, ಅದು ಕಳಿಸುತ್ತೆ. ಇಲ್ಲಿಗೆ ಎಷ್ಟು ಬಂತು ಅಂತ ಈ ಮುಳ್ಳು ತೋರಿಸುತ್ತೆ. ಮುಂದೆ ತಂತಿ ಇಲ್ಲದೆ ಹನೂರಿನ ತನಕ ಟೆಲಿಫೋನ್ ಕೊಡೋ ಯೋಚನೆ ಇದೆ" ಎಂದರು ಎಂಜಿನಿಯರು.

ತಂತಿ ಇರುವ ಟೆಲಿಫೋನಿನಲ್ಲೇ ಆಗ ನಮ್ಮೂರಿನವರು ಕೂಗುತ್ತಿದ್ದ ಕೂಗು ಹನೂರಿಗೆ ನೇರವಾಗಿ ಕೇಳಿಸುವಂತಿರುತ್ತಿತ್ತು. ತಂತಿಯೇ ಇಲ್ಲದೆ ಮಾತು ಹೋಗುತ್ತದೆ ಎಂದರೆ ನಂಬುವ ವಯಸ್ಸು ನನ್ನದಲ್ಲ. "ಅದ್ಕೆ ನಮ್ ಬೀದಿ ಯಾಕೆ ಸಾ?" ಎಂದೆ.

"ಮನೆ, ಮರ, ಗುಡ್ಡ ಅಡ್ಡ ಬಂದ್ರೆ ಅಲೆ ಹೇಗೆ ಕಮ್ಮಿ ಆಗುತ್ತೆ ಅಂತ ನೋಡ್ಬೇಕಲ್ಲ. ಕಾಮಗೆರೆ, ಮುಳ್ಳೂರು, ಯಳಂದೂರು ಎಲ್ಲ ಅಳೆದು ಒಂದು ಲೆಕ್ಕ ಕಟ್ತೀವಿ. ಆಮೇಲೆ ನಾವು ಕಾಲೇ ಇಡದ ಜಾಗದಲ್ಲೂ ಹೇಗಿದೆ ಅಂತ ಕೂತಲ್ಲೇ ಹೇಳ್ಬಹುದು."

ಕಾಲಿಡದ ಜಾಗದಲ್ಲಿ ಹೇಗಿದೆ ಎಂದು ಕೂತಲ್ಲೇ ಹೇಳುವುದು! ಸರ್ಕಾರ ಇಷ್ಟು ದಿನ ಬಾಗಿಲು ತಟ್ಟಿ ಒಳಗೆ ಬಂದು ನೋಡುತ್ತಿತ್ತು. ಇನ್ನು ಆ ಮರ್ಯಾದೆಯೂ ಇಲ್ಲ. ಪಕ್ಕದ ಮನೆಯ ಪುಟ್ಟಪ್ಪನಿಗೆ ಇಷ್ಟನ್ನೇ ಹೇಳಿದೆ, ಅದೂ ಗುಟ್ಟಾಗಿ. ಸಂಜೆಯೊಳಗೆ ಅದೇ ಪುಟ್ಟಪ್ಪ ಓಡಿಬಂದು, "ಲೇ ಶಿವಣ್ಣ, ಅದು ಫೋನೂ ಅಲ್ಲ ಗೀನೂ ಅಲ್ಲ ಕಣ್ಲಾ. ಯಾವ ಮನೇಲಿ ಚಿನ್ನ ಅದೆ ಅಂತ ಮೂಸಿ ನೋಡೋ ಮಿಸನು! ಮುಳ್ಳೂರಿನೋರೆಲ್ಲ ಅಂಗೇ ಅಂತಾವ್ರೆ" ಎಂದು ಏದುಸಿರು ಬಿಟ್ಟ. ಸುದ್ದಿ ಹೊರಟದ್ದು ನನ್ನ ಬಾಯಿಂದಲೇ ಆದರೂ ಮುಳ್ಳೂರಿಗೆ ಹೋಗಿ ಬಂದಿದ್ದರಿಂದ ನನಗೂ ನಂಬಿಕೆ ಬಂತು.

ಮರುದಿನ ಎಂಜಿನಿಯರಿಗೆ ಕಾಫಿ ಕೊಟ್ಟು ಮೆಲ್ಲಗೆ ಕೇಳಿದೆ: "ಸಾ, ಈ ಅಲೆಗೆ ಏನ್ ಅಡ್ಡ ಇಟ್ರೆ ನುಗ್ಗಕ್ಕಿಲ್ಲ?"

"ಕಬ್ಬಿಣ, ತಗಡು ಅಂಥದ್ದು ಅಡ್ಡ ಬಂದ್ರೆ ಅದರ ಹಿಂದಕ್ಕೆ ಅಲೆ ಬರೋದು ಕಮ್ಮಿ. ಯಾಕೆ ಕೇಳ್ತೀರಿ?" ಎಂದು ಅವರು ಲೋಟ ಕೆಳಗಿಟ್ಟು ನನ್ನನ್ನು ಒಂದು ಸಲ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಚೀನಾದ ಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ರೇಡಿಯೋ ಅಲೆಯಿಂದ ತಪ್ಪಿಸಿಕೊಳ್ಳುವ ಉಪಾಯ ಕೇಳುವ ನೇಕಾರನನ್ನು ಅವರು ಏನೆಂದುಕೊಂಡರೋ, ಅಂದಿನಿಂದ ನಮ್ಮ ಮನೆಯ ಕಾಫಿ ಬೇಡವೆನ್ನತೊಡಗಿದರು.

ಬಣ್ಣ ಹಾಕುವ ಕೊಟ್ಟಿಗೆಗೆ ಹೊದಿಸಲು ತಂದಿದ್ದ ಜಿಂಕ್ ತಗಡುಗಳು ಹಿತ್ತಲಲ್ಲಿ ಬಿದ್ದಿದ್ದವು. ಅವನ್ನು ಒಬ್ಬನೇ ಅಟ್ಟಕ್ಕೆ ಏರಿಸಿ, ಹೆಂಚಿನ ಕೆಳಗೆ ಬೆಟ್ಟದ ದಿಕ್ಕಿಗೆ ಅಡ್ಡಲಾಗಿ, ಈ ಗೋಡೆಯಿಂದ ಆ ಗೋಡೆಯವರೆಗೆ ಸಾಲಾಗಿ ನಿಲ್ಲಿಸಿದೆ. ಹಿಂದುಗಡೆ ತಂದೆಯ ತಮಿಳು ರಸೀದಿಗಳ ಗಂಟಿನೊಳಗೆ ಕಾಸಿನ ಸರ ಇಟ್ಟೆ. "ಇಲಿ ಕಾಟ" ಎಂದು ಸರೋಜಳಿಗೆ ಹೇಳಿದೆ. "ಇಲಿ ಬೆಟ್ಟದ್ ಕಡೆಯಿಂದ್ಲೇ ಬತ್ತವಾ?" ಎಂದು ಕೇಳಿ ಅವಳು ಒಲೆಯ ಕಡೆಗೆ ಹೋದಳು. ನನ್ನನ್ನು ಕಟ್ಟಿಕೊಂಡ ಮೇಲೆ ಅವಳಿಗೆ ಇದೆಲ್ಲ ಅಭ್ಯಾಸವಾಗಿತ್ತು.

ನನ್ನ ಉಪಾಯ ಫಲಿಸಿತು. ಜೀಪು ಪುಟ್ಟಪ್ಪನ ಮನೆಯ ಮುಂದೆ ನಿಂತರೆ ಮುಳ್ಳು ನೆಟ್ಟಗೆ ಏಳುತ್ತಿತ್ತು. ನಮ್ಮ ಮನೆಯ ಮುಂದೆ ಬಂದರೆ ತೊಪ್ಪನೆ ಮಲಗುತ್ತಿತ್ತು. ನಾನು ಒಳಗೊಳಗೇ ನಕ್ಕೆ. ಪುಟ್ಟಪ್ಪ ಮೊದಲ ದಿನ ಬಾಗಿಲು ಹಾಕಿಕೊಂಡು ಒಳಗೇ ಕೂತ. ಆದರೆ ಯಾರೂ ಬಂದು ಅವನನ್ನು ಹಿಡಿಯದಿದ್ದಾಗ, ಬೀದಿಯವರು ಅವನನ್ನು ನೋಡುವ ರೀತಿಯೇ ಬದಲಾಯಿತು. ಅಷ್ಟು ದಿನ 'ಲೇ ಪುಟ್ಟ' ಎನ್ನುತ್ತಿದ್ದವರು 'ಪುಟ್ಟಪ್ಪನೋರೆ' ಎನ್ನತೊಡಗಿದರು. ಅವನೂ ಎಲೆಯಡಿಕೆ ಹಾಕಿಕೊಂಡು ಜಗುಲಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂರತೊಡಗಿದ. ಅವನ ಮನೆಯಲ್ಲಿ ಹೆಂಡತಿಯ ಓಲೆ ಬಿಟ್ಟರೆ ಚಿನ್ನವಿಲ್ಲವೆಂದು ನನಗೆ ಗೊತ್ತು. ಇತ್ತ ನಮ್ಮ ಮನೆಯ ಮುಂದೆ ಹೋಗುವವರು ಮುಳ್ಳು ಮಲಗುವುದನ್ನು ಕಂಡು 'ಪಾಪ' ಎನ್ನುವುದು ನನ್ನ ಕಿವಿಗೆ ಬಿತ್ತು.

ಎಂಜಿನಿಯರಿಗೂ ನೆಮ್ಮದಿಯಿರಲಿಲ್ಲ. "ಕಾಮಗೆರೇಲಿ ಸರಿ ಇದೆ, ಹನೂರಿನಲ್ಲಿ ಸರಿ ಇದೆ, ಈ ಒಂದು ಮನೆ ಮುಂದೆ ಮಾತ್ರ ಹಳ್ಳ ಬಿದ್ದಿದೆ. ಲೆಕ್ಕಕ್ಕೇ ಸಿಗ್ತಾ ಇಲ್ಲ" ಎಂದು ಗೊಣಗುತ್ತ ದಿನವೂ ನಮ್ಮ ಬಾಗಿಲಿಗೇ ಜೀಪು ತಂದು ನಿಲ್ಲಿಸುತ್ತಿದ್ದರು. ಹೀಗೆ ನಮ್ಮ ಬಡತನ ದಿನವೂ ಬೀದಿಯಲ್ಲಿ ಸಾರಿದ ಹಾಗಾಗುತ್ತಿತ್ತು.

ಇಷ್ಟರಲ್ಲಿ ಪದ್ಮಳನ್ನು ಕೇಳಿದ್ದ ಯಳಂದೂರಿನ ರಾಮಲಿಂಗಯ್ಯನವರು ಮಾತು ಮುಗಿಸಲು ಬಂದರು. ಬಟ್ಟೆ ವ್ಯಾಪಾರಿ. ಅನುಮಾನದಲ್ಲಿ ನನಗಿಂತ ಒಂದು ಕೈ ಮೇಲು. ಮೈಮೇಲಿನ ಸೀರೆಯಾದರೂ ಸರಿ, ಅಂಚಿನ ಎಳೆಯೊಂದನ್ನು ಕಿತ್ತು ಸುಟ್ಟು ಮೂಸಿ ನೋಡಿದ ಹೊರತು ರೇಷ್ಮೆಯೆಂದು ಒಪ್ಪುವವರಲ್ಲ. ಅವರ ಮಗ ಮಾತ್ರ ನಗುಮುಖದ ಹುಡುಗ. ಬಂದ ವರಗಳನ್ನೆಲ್ಲ ಮೂತಿ ತಿರುಗಿಸಿ ಕಳಿಸಿದ್ದ ಪದ್ಮ ಈ ಹುಡುಗನಿಗೆ ಮಾತ್ರ ತಲೆ ಬಗ್ಗಿಸಿ ಹೂಂ ಅಂದಿದ್ದಳು. ಇದು ತಪ್ಪಿದರೆ ಇನ್ನೊಂದಕ್ಕೆ ಒಪ್ಪುವವಳಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ರಾಮಲಿಂಗಯ್ಯನವರು ಬಂದಾಗ ಜೀಪು ಬಾಗಿಲಲ್ಲೇ ಇತ್ತು. ಮಿಷನ್ನಿನ ಸುದ್ದಿ ಯಳಂದೂರಿಗೂ ಮುಟ್ಟಿತ್ತು. ಅವರು ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮುಳ್ಳು ಪುಟ್ಟಪ್ಪನ ಮನೆಯ ಮುಂದೆ ಏಳುವುದನ್ನೂ ನಮ್ಮ ಮನೆಯ ಮುಂದೆ ಬೀಳುವುದನ್ನೂ ಎರಡು ಮೂರು ಸಲ ನೋಡಿದರು. ಆಮೇಲೆ ಒಳಗೆ ಬಂದು ಉಪ್ಪಿಟ್ಟು ತಿಂದರು. ಕೈ ತೊಳೆದು, "ಉಡ್ಗಿ ಲಕ್ಷಣವಾಗವ್ಳೆ, ಅದ್ರಲ್ಲಿ ಎರಡು ಮಾತಿಲ್ಲ. ಊರಿಗೋಗಿ ಏಳ್ಕಳುಸ್ತೀನಿ" ಎಂದರು. ಹೇಳಿ ಕಳಿಸುತ್ತೇನೆ ಎಂದರೆ ಏನೆಂದು ಹೆಣ್ಣು ಹೆತ್ತವರೆಲ್ಲರಿಗೂ ಗೊತ್ತು. ಅಡುಗೆಮನೆ ಬಾಗಿಲ ಸಂದಿಯಲ್ಲಿ ಪದ್ಮಳ ಮುಖ ಕಂಡಿತು. ಕಣ್ಣು ತುಂಬಿತ್ತು.

ನಾನು ಅಟ್ಟಕ್ಕೆ ಹಾರಿ, ತಮಿಳು ರಸೀದಿಗಳನ್ನು ಕೆದರಿ, ಸರ ತಂದು ಅವರ ಮುಂದೆ ಇಟ್ಟೆ. "ನೋಡಿ ಯಜಮಾನ್ರೆ, ನಮ್ಮಜ್ಜೀದು."

ಅವರು ಸರವನ್ನು ಅಂಗೈಯಲ್ಲಿ ತೂಗಿದರು. ಬೆಳಕಿಗೆ ಹಿಡಿದರು. ಮೂಸಿಯೂ ನೋಡಿದರು. "ಚೆನ್ನಾಗದೆ. ಇತ್ತಾಳೆನೂ ಈಗ ಇಂಗೇ ಒಳೀತದೆ" ಎಂದರು.

"ಆಚಾರೀನ ಕರ್ಸಿ ಒರೆ ಹಚ್ಚುಸ್ಬುಡಿ!"

"ಆಚಾರಿ ನಿಮ್ಮೂರೋನು, ನಿಮ್ ಕಡೆಗೇ ಏಳ್ತಾನೆ. ಮಿಸನ್ನು ಯಾರ ಊರಿಂದೂ ಅಲ್ಲ. ಅದು ಸುಳ್ಳೇಳಕಿಲ್ಲ ಕಣ್ರಿ."

ನಾನು ಅವರ ಜಾಗದಲ್ಲಿದ್ದಿದ್ದರೆ ಇದೇ ಮಾತು ಆಡುತ್ತಿದ್ದೆ. ತಗಡಿನ ವಿಷಯ ಹೇಳೋಣವೆಂದರೆ ಬಾಗಿಲಲ್ಲೇ ಸರ್ಕಾರ ನಿಂತಿದೆ. ಸರೋಜ ಹೊಸ್ತಿಲಿಗೆ ಬಂದು, "ರೀ, ಅಟ್ಟದ್ ಮೇಲಿನ ತಗಡ ನೀವು ಇಳುಸ್ತೀರೋ, ನಾನೇ ಇಳುಸ್ಲೋ?" ಎಂದಳು. ನಾನು ಕಣ್ಣು ಬಿಟ್ಟೆ, ಕೈ ಆಡಿಸಿದೆ, ಕೆಮ್ಮಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿಯೇ ಬಿಟ್ಟಳು. ಮರುಕ್ಷಣದಲ್ಲಿ ಒಂದರ ಮೇಲೊಂದು ತಗಡು ಮಲಗಿದ ಸದ್ದಿಗೆ ಹೆಂಚಿನ ದೂಳೆಲ್ಲ ರಾಮಲಿಂಗಯ್ಯನವರ ತಲೆಯ ಮೇಲೆ ಬಿತ್ತು.

ಹೊರಗಿನಿಂದ ಎಂಜಿನಿಯರು, "ಬಂತು! ಬಂತು!" ಎಂದು ಕಿರುಚಿದರು.

ನಾವೆಲ್ಲ ಓಡಿದೆವು. ಮುಳ್ಳು ಪುಟ್ಟಪ್ಪನ ಮನೆಯ ಮುಂದೆ ಏರಿದ್ದಕ್ಕಿಂತ ಒಂದು ಗೆರೆ ಮೇಲೆಯೇ ನಿಂತಿತ್ತು. ಜಗುಲಿಯ ಮೇಲಿದ್ದ ಪುಟ್ಟಪ್ಪ ಕಾಲು ಕೆಳಗಿಳಿಸಿದ. ರಾಮಲಿಂಗಯ್ಯನವರು ಮುಳ್ಳು ನೋಡಿದರು, ಮನೆ ನೋಡಿದರು, ಅಟ್ಟದಿಂದ ಇಳಿದು ಬಂದ ಸರೋಜಳನ್ನು ನೋಡಿದರು. ಅವರಿಗೆ ಎಲ್ಲ ಹೊಳೆಯಿತು. "ಸರ್ಕಾರಕ್ಕೇ ಕಾಣ್ದಂಗೆ ಮಡ್ಗಿದ್ರಲ್ಲಾ! ಇಂಥ ಜ್ವಾಪಾನದೋರ ಮನೆ ಎಣ್ಣು ತರ್ಬೇಕು ಕಣ್ರಿ" ಎಂದು ನನ್ನ ಎರಡು ಕೈಗಳನ್ನೂ ಹಿಡಿದುಕೊಂಡರು.

ಎಂಜಿನಿಯರು ಪಾಪ, "ಇದಕ್ಕೂ ಚಿನ್ನಕ್ಕೂ ಏನೂ ಸಂಬಂಧ ಇಲ್ಲ, ತಗಡು ಅಡ್ಡ ಇತ್ತು, ತೆಗೆದ್ರಿ, ಅಷ್ಟೆ" ಎಂದು ವಿವರಿಸಲು ಹೊರಟರು. ರಾಮಲಿಂಗಯ್ಯನವರು ನನ್ನ ಕಿವಿಯ ಬಳಿ, "ಅವ್ರು ಅಂಗೇ ಏಳ್ಬೇಕು, ಸರ್ಕಾರದೋರು" ಎಂದು ಪಿಸುಗುಟ್ಟಿದರು. ಅಟ್ಟದಲ್ಲಿ ಅಷ್ಟು ತಗಡು ಯಾಕೆ ಎಂದು ಎಂಜಿನಿಯರು ನನ್ನನ್ನು ಕೇಳಿದರು. ಇಲಿ ಕಾಟ ಎಂದೆ. ಅವರು ಲೆಕ್ಕ ಸರಿಹೋದ ಸಂತೋಷದಲ್ಲಿ ನನ್ನನ್ನು ಕ್ಷಮಿಸಿದವರಂತೆ ಜೀಪು ಹತ್ತಿ ಒಡೆಯರಪಾಳ್ಯದ ಕಡೆಗೆ ಹೋದರು.

ಮದುವೆ ಚೆನ್ನಾಗಿ ನಡೆಯಿತು. ಪದ್ಮ ಸುಖವಾಗಿದ್ದಾಳೆ. ಹಬ್ಬಕ್ಕೆ ಬರುವಾಗ ಅದೇ ಸರ ಹಾಕಿಕೊಂಡು ಬರುತ್ತಾಳೆ, ನಾನು ಅದನ್ನೇ ನೋಡುತ್ತ ಕೂರುತ್ತೇನೆ. "ಯಾಕಣ್ಣ ಅಂಗ್ ನೋಡ್ತೀಯೆ?" ಎಂದು ಕೇಳುತ್ತಾಳೆ. ಏನಿಲ್ಲ ಎನ್ನುತ್ತೇನೆ. ಮುಳ್ಳು ಎದ್ದದ್ದು ಚಿನ್ನಕ್ಕಲ್ಲ, ಬರೀ ತಗಡು ಬಿದ್ದದ್ದಕ್ಕೆ ಎಂದು ಆ ಬೀದಿಯಲ್ಲಿ ಅರ್ಥವಾದದ್ದು ಎಂಜಿನಿಯರನ್ನು ಬಿಟ್ಟರೆ ನನಗೊಬ್ಬನಿಗೇ. ಹಾಗಾದರೆ ಆ ಸರ ಚಿನ್ನದ್ದೇ ಎಂದು ಹೇಳಿದವರು ಯಾರು? ಅಜ್ಜಿ ಹೇಳಿದ್ದರು. ಹಾಲಿಗೆ ಬೆರಳದ್ದುವ ನಾನು ಅಜ್ಜಿಯ ಮಾತನ್ನು ಒಂದು ದಿನವೂ ಒರೆಗೆ ಹಚ್ಚಿರಲಿಲ್ಲ.

ಹೋದ ಸಲ ಬಂದಾಗ ಸರದ ಕೊಂಡಿ ಬಿಟ್ಟುಹೋಗಿತ್ತು. ರಿಪೇರಿ ಮಾಡಿಸಿಕೊಂಡು ಬಾ ಎಂದು ಪದ್ಮ ನನ್ನ ಕೈಗೆ ಕೊಟ್ಟಳು. ಆಚಾರಿ ಸರ ತೆಗೆದುಕೊಂಡು ಒರೆಗಲ್ಲಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದುಕೊಂಡು, "ಒರೆಗಿರೆ ಏನೂ ಬ್ಯಾಡ ಕಣಪ್ಪ, ಕೊಂಡಿ ಬೆಸ್ದ್ಕೊಡು ಸಾಕು" ಎಂದೆ. ಅವನು ಸರವನ್ನು ಹಾಗೆಯೇ ಕೆಳಗಿಟ್ಟು, ಕನ್ನಡಕ ಮೇಲೇರಿಸಿ, ನಾನು ಹಾಲಿನವನನ್ನು ನೋಡುವ ಹಾಗೆ ನನ್ನನ್ನು ನೋಡಿ, "ಇದು ಯಾರ್ದು ಶಿವಣ್ಣ?" ಎಂದು ಕೇಳಿದ.