ನಮ್ಮ ಧಿಕ್ಕಾರಕ್ಕೆ ಅವರೇ ಮುಖ್ಯ ಅತಿಥಿ

ಮಾತಾಡುವ ಹಕ್ಕು ಎಲ್ಲರಿಗೂ ಇದೆ ಎಂದು ಶಾಲೆಯಲ್ಲೇ ಓದಿದ್ದೆ. ಆದರೆ ಮಾತಾಡುವ ಸರದಿಯೂ ಎಲ್ಲರಿಗೂ ಬರುತ್ತದೆ ಎಂದು ಯಾವ ಪಾಠದಲ್ಲೂ ಬರೆದಿರಲಿಲ್ಲ. ಬರುವುದಿಲ್ಲ ಎಂದು ತಿಳಿಯಲು ನಾನು ರಾಯಬಾಗದ ಉದ್ಯಾನದಲ್ಲಿ ಒಂದು ಸಭೆ ನಡೆಸಬೇಕಾಯಿತು. ನನಗೆ ದಿನಚರಿ ಬರೆಯುವ ಚಟ. ತಾರೀಖು, ವಾರ, ಮನೆಗೆ ಬಂದ ಹಾಲು, ಅವ್ವ ಬೈದ ಸಲ, ಎಲ್ಲಕ್ಕೂ ಗೀಟು ಎಳೆದು ಲೆಕ್ಕ ಇಡುತ್ತೇನೆ. ಇಷ್ಟು ಶಿಸ್ತಿನ ಮನುಷ್ಯ ಒಂದು ಸಭೆಯನ್ನು ಹೊತ್ತಿಗೆ ಸರಿಯಾಗಿ ಮುಗಿಸಲಾರನೇ ಎಂಬ ಅಹಂಕಾರ ನನಗಿತ್ತು. ಮುಗಿಸಿದೆ ಕೂಡ. ತೊಂದರೆಯಾದದ್ದೇ ಅದರಿಂದ.

ಸಂಗತಿ ಬಹಳ ಸಣ್ಣದು. ನಮ್ಮ ಉದ್ಯಾನವನ್ನು ಬೆಳಿಗ್ಗೆ ಮತ್ತು ಸಂಜೆ ತೆರೆಯುತ್ತಿದ್ದರು, ಮಧ್ಯಾಹ್ನ ಬೀಗ ಹಾಕುತ್ತಿದ್ದರು. ಯಾಕೆ ಎಂದು ಕೇಳಿದರೆ ಕಾವಲುಗಾರ, "ಆಡು ಬರತಾವ್ರಿ" ಅನ್ನುತ್ತಿದ್ದ. ಆಡುಗಳು ಬರುತ್ತಿದ್ದದ್ದು ನಿಜ. ಆದರೆ ಅವು ಹಿಂದಿನ ಗೋಡೆ ಬಿದ್ದ ಕಡೆಯಿಂದ ಬಂದು, ಹುಲ್ಲು ಮೇಯ್ದು, ನೆರಳಲ್ಲಿ ಮಲಗಿ, ಬಿಸಿಲು ಇಳಿದ ಮೇಲೆ ಬಂದ ದಾರಿಯಲ್ಲೇ ಹೋಗುತ್ತಿದ್ದವು. ಬೀಗ ತಡೆಯುತ್ತಿದ್ದದ್ದು ಮನುಷ್ಯರನ್ನು ಮಾತ್ರ. ಹಾಗೆ ತಡೆಯಲ್ಪಟ್ಟವರಲ್ಲಿ ಸಾವಿತ್ರಿ ಒಬ್ಬಳು. ನಾನು ಕೆಲಸ ಮಾಡುವ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಪಾಲಬಾವಿಯಿಂದ ಬರುವ ಹುಡುಗಿ. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಬೆಳಗಿನ ತರಗತಿ ಮುಗಿದರೆ ಸಂಜೆಯ ಬಸ್ಸು ಬರುವ ತನಕ ಎಲ್ಲಾದರೂ ಕೂರಬೇಕು. ಮನೆಯಲ್ಲಿ ಎಮ್ಮೆ, ತಂಗಿಯರು, ಟಿವಿ. ಓದಲು ಸಿಗುವುದು ಇದೊಂದೇ ಹೊತ್ತು. ಆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಕಳೆಯುತ್ತಿತ್ತು. ಪುಸ್ತಕ ತೆರೆದ ಕೂಡಲೇ ಪಕ್ಕದಲ್ಲಿ ಕೂತ ಯಾರೋ, "ಯಾರ ಮಗಳವಾ? ಮದಿವಿ ಆಗೈತೇನ?" ಎಂದು ಶುರುಮಾಡುತ್ತಿದ್ದರು. ಎರಡು ಸಲ ಪರೀಕ್ಷೆ ಕೈತಪ್ಪಿತ್ತು. ಈ ಸಲವೂ ಆಗದಿದ್ದರೆ ಓದು ಬಿಡಿಸುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದ. ಆಡುಗಳ ದಾರಿಯಲ್ಲೇ ಹೋಗು ಎಂದು ನಾನು ಸಲಹೆ ಕೊಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೊಲೀಸ್ ಆಗಾಕ ಹೊಂಟಾಕಿ ಗ್ವಾಡಿ ಹಾರಬೇಕೇನ್ರಿ ಸರ?" ಅಂದಳು.

ಹೀಗೆ ನಮ್ಮ ಹೋರಾಟ ಸಮಿತಿ ಹುಟ್ಟಿತು. ಅಧ್ಯಕ್ಷರು ಬಾಳಾಸಾಬ ಕಾಕಾ. ಅವರಿಗೆ ಊರ ಹೊರಗೆ ದ್ರಾಕ್ಷಿ ತೋಟ ಇದೆ, ತಲೆಯ ಮೇಲೆ ಬಿಳಿ ಟೋಪಿ ಇದೆ, ಯಾವ ಸಭೆಗೂ ಇಲ್ಲವೆನ್ನದ ಗುಣ ಇದೆ. ಉದ್ಯಾನದಲ್ಲಿ ಬಹಿರಂಗ ಸಭೆ ಮಾಡಿ ಮಧ್ಯಾಹ್ನವೂ ಗೇಟು ತೆರೆಯಿರಿ ಎಂದು ಕೇಳೋಣ, ಸಾವಿತ್ರಿಯೇ ಮುಖ್ಯ ಭಾಷಣ ಮಾಡಲಿ ಎಂದು ನಿರ್ಧಾರವಾಯಿತು. ಸಂಜೆ ಒಂದು ತಾಸಿಗೆ ಅನುಮತಿ ಸಿಕ್ಕಿತು. ನಾನು ಕಾರ್ಯಕ್ರಮದ ಪಟ್ಟಿ ಬರೆದು, ಯಾರಿಗೆ ಎಷ್ಟು ಹೊತ್ತು ಎಂದು ಹಂಚಿ, ಮೀರಿದವರಿಗೆ ಬಾರಿಸಲು ದೇವರ ಕೋಣೆಯಿಂದ ಗಂಟೆಯನ್ನೂ ತಂದೆ.

ಮುಖ್ಯ ಅತಿಥಿ ಯಾರು ಎಂಬ ಪ್ರಶ್ನೆ ಬಂದಾಗ ಕಾಕಾ ಒಂದು ಕ್ಷಣವೂ ಯೋಚಿಸಲಿಲ್ಲ. "ಮತ್ಯಾರು? ಮುಖ್ಯಾಧಿಕಾರಿ ಸಾಹೇಬ್ರು" ಅಂದರು. ಗೇಟಿಗೆ ಬೀಗ ಹಾಕಿಸಿದ್ದೇ ಪಟ್ಟಣ ಪಂಚಾಯಿತಿಯ ಆ ಸಾಹೇಬರು ಎಂದು ನಾನು ನೆನಪಿಸಿದೆ. "ಅದಕ್ಕ ಕರಿಬೇಕೋ ತಮ್ಮಾ. ಅವರ ಮ್ಯಾಲ ಸಭಾ ಮಾಡಿ ಅವರ್ನ ಕರೀಲಿಲ್ಲಂದ್ರ ಅಪಮಾನ ಆಗೂದಿಲ್ಲೇನು?" ನಾವಿಬ್ಬರೂ ಆಮಂತ್ರಣ ಕೊಡಲು ಹೋದೆವು. ಸಾಹೇಬರು ಸಂತೋಷದಿಂದ ಓದಿ, "ಸಭಾ ಯಾರ ವಿರುದ್ಧರೀ?" ಎಂದು ಕೇಳಿದರು. ಕಾಕಾ ಕೈ ಮುಗಿದು, "ನಿಮ್ಮ ವಿರುದ್ಧನರೀ ಸಾಹೇಬ್ರ. ನೀವು ಬಂದ್ರ ಶೋಭಾ" ಅಂದರು. ಸಾಹೇಬರು ಕ್ಯಾಲೆಂಡರ್ ನೋಡಿ ಒಪ್ಪಿದರು. ಬ್ಯಾನರ್ ಒಂದೇ ಸಾಕೆಂದು ಕಾಕಾ ತೀರ್ಮಾನಿಸಿದ್ದರಿಂದ, ಮೇಲಿನ ಸಾಲಿನಲ್ಲಿ "ಉದ್ಯಾನಕ್ಕೆ ಬೀಗ ಹಾಕಿದವರಿಗೆ ಧಿಕ್ಕಾರ" ಎಂದೂ ಕೆಳಗಿನ ಸಾಲಿನಲ್ಲಿ "ಅವರಿಗೆ ಹಾರ್ದಿಕ ಸ್ವಾಗತ" ಎಂದೂ ಬಂತು. ಎರಡಕ್ಕೂ ಸೇರಿ ಸಾಹೇಬರ ಫೋಟೋ ಒಂದೇ ಇತ್ತು.

ನಮ್ಮ ಸೀಮೆಯ ಸಭೆಗಳನ್ನು ನೋಡದವರಿಗೆ ಸತ್ಕಾರ ಎಂದರೇನು ಎಂದು ಹೇಳಬೇಕು. ವೇದಿಕೆಯ ಮೇಲೆ ಕೂತವರಿಗೆ ಟೋಪಿ ಇಟ್ಟು, ಹೆಗಲಿಗೆ ಟಾವೆಲ್ ಹಾಕಿ, ಕೈಗೆ ತೆಂಗಿನಕಾಯಿ ಕೊಡುವುದು. ಕೊಡುವವರನ್ನು ಹೆಸರು ಹಿಡಿದು ಕರೆಯಬೇಕು, ಫೋಟೋಕ್ಕೆ ನಿಲ್ಲಬೇಕು, ಚಪ್ಪಾಳೆ ಬೀಳಬೇಕು. ನನ್ನ ಪಟ್ಟಿಯಲ್ಲಿ ಸತ್ಕಾರಕ್ಕೆ ಐದು ನಿಮಿಷ ಬರೆದಿದ್ದೆ. ಕಾಕಾ ಟೆಂಪೊದಲ್ಲಿ ಟೋಪಿಗಳ ಗಂಟನ್ನೇ ತಂದಿದ್ದರು. ಸಾಹೇಬರಿಗಾಯಿತು, ಅವರ ಡ್ರೈವರನಿಗಾಯಿತು, ಆಡು ಕಾಯುವ ಕಾವಲುಗಾರನಿಗಾಯಿತು. ವಾಯುವಿಹಾರಕ್ಕೆ ಬಂದು ಸುಮ್ಮನೆ ನೋಡುತ್ತ ನಿಂತಿದ್ದ ಅಜ್ಜನೊಬ್ಬ, "ನಾ ಸಭಾಕ್ಕ ಬಂದಿಲ್ರೀ, ನನಗ ಶುಗರ್ ಐತಿ, ಅಡ್ಡಾಡಾಕ ಬಂದೀನಿ" ಎಂದು ಓಡುತ್ತಿದ್ದರೂ ಹಿಡಿದು ತಂದು ಟೋಪಿ ಇಟ್ಟರು. ಸತ್ಕಾರವಾದ ಮೇಲೆ ಅವನೂ ಗಣ್ಯನಾದ. ವೇದಿಕೆಯಿಂದ ಇಳಿಯಲೇ ಇಲ್ಲ. ನಾನು ಗಂಟೆ ಬಾರಿಸಿದೆ. ಅದನ್ನು ಮಂಗಳಕರ ಎಂದು ಭಾವಿಸಿ ಜನ ಚಪ್ಪಾಳೆ ತಟ್ಟಿದರು.

ಕೊನೆಯ ತೆಂಗಿನಕಾಯಿ ಕೈ ಸೇರಿದಾಗ ನಮ್ಮ ತಾಸಿನಲ್ಲಿ ಉಳಿದದ್ದು ಒಂದು ಚೂರು. ಸಾವಿತ್ರಿ ವಾರವೆಲ್ಲ ಬರೆದು ತಿದ್ದಿದ ಭಾಷಣ ಹಿಡಿದು ಮೈಕಿನ ಮುಂದೆ ನಿಂತಳು. "ವೇದಿಕೆ ಮ್ಯಾಲಿರೋ ಎಲ್ಲಾ ಹಿರಿಯರಿಗೆ" ಎನ್ನುವಷ್ಟರಲ್ಲಿ ಅನುಮತಿಯ ಹೊತ್ತು ಮುಗಿಯಿತು. ಓದುಗರೇ, ಆಗ ನಾನು ಗಂಟೆ ಬಾರಿಸಿದೆ. ನಿಯಮ ನಿಯಮವೇ. ಇಡೀ ಉದ್ಯಾನ ನನ್ನ ಕಡೆ ತಿರುಗಿತು. ಸಾವಿತ್ರಿ ಕಾಗದ ಮಡಚಿದಳು.

"ಸರ, ಆರತಿ ಆಮ್ಯಾಲ ಮಾಡ್ರಿ" ಎಂದು ಮೈಕಿನಲ್ಲೇ ನನಗೆ ಹೇಳಿ, ಸಾಹೇಬರ ಕಡೆ ತಿರುಗಿದಳು. "ಸಾಹೇಬ್ರ, ಭಾಷಣ ಬಿಡ್ರಿ. ಒಂದ ಮಾತು ಹೇಳ್ರಿ. ಮಧ್ಯಾಹ್ನ ಆಡು ಇಲ್ಲಿ ಮಕ್ಕೊಂಡಿರತಾವು. ನಾ ಎಲ್ಲಿ ಕುಂತು ಓದ್ಲಿ?"

ಸಾಹೇಬರು ಬಾಯಿ ತೆರೆದರು. ಬಹುಶಃ 'ಪರಿಶೀಲಿಸುತ್ತೇವೆ' ಎನ್ನಲಿದ್ದರು. ಆದರೆ ತಲೆಯ ಮೇಲೆ ಹೊಸ ಟೋಪಿ, ಹೆಗಲ ಮೇಲೆ ಟಾವೆಲ್, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೂತ ಮನುಷ್ಯನಿಗೆ ಅಷ್ಟು ಜನರೆದುರು ಒಂದು ಹುಡುಗಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದು ನನಗೆ ಅವತ್ತೇ ತಿಳಿದದ್ದು. ಕಾಕಾ ಅವರಿಗೆ ಮೊದಲೇ ಗೊತ್ತಿತ್ತು. ಅವರು ಮೀಸೆಯಲ್ಲೇ ನಗುತ್ತಿದ್ದರು. "ಆತು, ನಾಳಿಂದ ತೆರೀತೀವಿ" ಅಂದರು ಸಾಹೇಬರು. "ಆದ್ರ ಗದ್ದಲ ಆಗಬಾರ್ದು. ಜವಾಬ್ದಾರಿ ಯಾರ ತೊಗೋತೀರಿ?" ಕಾಕಾ ನನ್ನನ್ನು ಮುಂದೆ ತಳ್ಳಿದರು. "ಈ ಹುಡುಗ ಅದಾನಲ್ರೀ. ಮಂದಿ ಬಾಯಿ ಮುಚ್ಚಸೂದ್ರಾಗ ಭಾಳ ಶಾಣ್ಯಾ."

ಅಂದಿನಿಂದ ಮಧ್ಯಾಹ್ನದ ಉದ್ಯಾನ ನನ್ನ ವಶದಲ್ಲಿದೆ. ಊಟದ ಡಬ್ಬಿ ಹಿಡಿದು ಹೋಗುತ್ತೇನೆ. ಓದುವವರು ಸಾವಿತ್ರಿಯೂ ಸೇರಿ ಒಂದಷ್ಟು ಜನ ಬರುತ್ತಾರೆ. ಸಂತೆಯ ದಿನ ಹಳ್ಳಿಗಳಿಂದ ಬಂದವರು ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಾರೆ, ಮಾತಾಡುತ್ತಾರೆ. ನಾನು ಬೆಂಚಿನಿಂದ ಬೆಂಚಿಗೆ ಹೋಗಿ ತುಟಿಯ ಮೇಲೆ ಬೆರಳಿಟ್ಟು 'ಶ್' ಅನ್ನುತ್ತೇನೆ. ದಿಗ್ಗೇವಾಡಿಯ ಮುದುಕಿಯೊಬ್ಬಳು ತುತ್ತು ಕೈಯಲ್ಲೇ ಹಿಡಿದು, "ಮಾತಾಡ್ಲಿಲ್ಲಂದ್ರ ರೊಟ್ಟಿ ಗಂಟಲಾಗ ಹೆಂಗ ಇಳೀತೈತಿ ಮಗಾ?" ಎಂದು ಕೇಳಿದಳು. ಅದಕ್ಕೂ 'ಶ್' ಅಂದೆ.

ಮೊನ್ನೆ ಸಾವಿತ್ರಿ ಮತ್ತು ಕಾಕಾ ಮನೆಗೆ ಬಂದು ಒಂದು ಆಮಂತ್ರಣ ಕೊಟ್ಟರು. ಉದ್ಯಾನದಲ್ಲಿ ಜನರಿಗೆ ಬಾಯಿ ಬಿಡಲು ಬಿಡದ ಧೋರಣೆಯನ್ನು ಖಂಡಿಸಿ ಭಾನುವಾರ ಬಹಿರಂಗ ಸಭೆ. "ಮಂದಿ ಮಾತು ನನಗ ಕೇಳಸೂದ ಇಲ್ರೀ ಸರ" ಅಂದಳು ಸಾವಿತ್ರಿ, "ನಿಮ್ಮ ಶ್ ಶ್ ಶುರುವಾತಂದ್ರ ಒಂದಕ್ಷರ ತಲ್ಯಾಗ ಹೋಗೂದಿಲ್ಲ." ನಾನು ವಾಕ್ ಸ್ವಾತಂತ್ರ್ಯದ ಬಗ್ಗೆ ನೊಂದು ಏನೋ ಹೇಳಹೊರಟವನು, ಅದನ್ನು ಬಿಟ್ಟು ಆಮಂತ್ರಣದ ಮೂರನೆಯ ಸಾಲನ್ನು ಎರಡು ಸಲ ಓದಿದೆ. ಮುಖ್ಯ ಅತಿಥಿಗಳ ಸ್ಥಾನದಲ್ಲಿ ನನ್ನ ಹೆಸರಿತ್ತು, ದಪ್ಪ ಅಕ್ಷರದಲ್ಲಿ.

ಇವತ್ತು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಅಲ್ಲೋ, ಊರ ಮಂದಿ ಕೂಡಿ ನಿನ್ನ ಬೈಯಾಕ ಸಭಾ ಮಾಡಾಕತ್ತಾರ, ನೀ ಮದುಮಗನ ಗತೆ ಸಿಂಗಾರ ಆಗಾಕತ್ತೀಯಲ್ಲೋ?" ಅಂದಳು.

ನಾನು ಕಾಲರಿನ ಮೇಲೆ ಇನ್ನೊಮ್ಮೆ ಇಸ್ತ್ರಿ ಒತ್ತಿದೆ. ಫೋಟೋದಲ್ಲಿ ಮೊದಲು ಕಾಣುವುದು ಅದೇ ಅಲ್ಲವೇ?