ಯಾರ ಬೆರಳಲ್ಲೂ ಇಲ್ಲದ ಉಂಗುರ

ಕಲ್ಲೇಶನನ್ನು ಪೇಚಿಗೆ ಸಿಲುಕಿಸಿದ್ದು ಭಾಗ್ಯಾ ಫೋನಿನಲ್ಲಿ ಆಡಿದ ಒಂದೇ ಮಾತು.

"ನಿಶ್ಚಯದ ಉಂಗುರ ಸಾದಾ ಇರ್ಲಿರಿ. ಆದ್ರ ಅಂಥಾದ್ದು ನಮ್ಮ ಮನ್ಯಾಗ ಮತ್ತ್ಯಾರ ಬೆರಳಾಗೂ ಇರಬಾರ್ದು. ಮತ್ತ ಅದನ್ನ ನೀವ ಆರಿಸ್ಬೇಕು."

ಕೊಣ್ಣೂರಿನ ಆಕೆಯ ಮನೆಯಲ್ಲಿ ಅಕ್ಕ, ತಂಗಿ, ಕಾಕನ ಮಕ್ಕಳು ಎಲ್ಲ ಸೇರಿ ಐವರು ಹುಡುಗಿಯರು. ಐವರಿಗೂ ಒಂದೇ ನಮೂನೆಯ ಹೂವಿನ ಉಂಗುರ. ರೊಟ್ಟಿ ಹಿಟ್ಟು ನಾದುವಾಗ ತೆಗೆದು ಗೂಡಿನಲ್ಲಿಟ್ಟರೆ, ಆಮೇಲೆ ಯಾವುದು ಯಾರದೆಂದು ದಿನವೂ ಜಗಳ. "ಒಂದರೆ ಖರೇನ ನಂದು ಅನ್ನೂದು ಇರ್ಲಿ ಅಂತ ಆಸೆರಿ" ಎಂದಿದ್ದಳು. ಆ ಮಾತಿಗೆ ಕಲ್ಲೇಶ ಕರಗಿಹೋಗಿದ್ದ.

ಅವನದು ಗಜೇಂದ್ರಗಡದಲ್ಲಿ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ, ಮನೆ ಸೂಡಿಯಲ್ಲಿ. ಹುಟ್ಟಿದಾಗಿನಿಂದ ಅವನಿಗೆ ಯಾರೂ ಏನನ್ನೂ ಆರಿಸಲು ಬಿಟ್ಟಿರಲಿಲ್ಲ. ಅಂಗಿಯ ಬಣ್ಣದಿಂದ ಹಿಡಿದು ಅಂಗಡಿಯ ಹೆಸರಿನ ತನಕ ಎಲ್ಲವೂ ಸೋದರತ್ತೆ ಹುಚ್ಚವ್ವನ ತೀರ್ಮಾನ. ಭಾಗ್ಯಾಳನ್ನು ನೋಡಲು ಹೋದಾಗಲೂ ಅವನು ಚಹಾದ ಕಪ್ಪು ಕೆಳಗಿಡುವ ಮೊದಲೇ ಅತ್ತೆ ಒಪ್ಪಿಗೆ ಕೊಟ್ಟು ಮುಗಿಸಿದ್ದಳು. ಈ ಉಂಗುರವೊಂದನ್ನಾದರೂ ತಾನೇ ಆರಿಸಬೇಕೆಂದು ಅವನು ಹಟ ತೊಟ್ಟ.

ಬೆರಳಿನ ಅಳತೆಗೆಂದು ಭಾಗ್ಯಾ ಒಂದು ಕೆಂಪು ದಾರವನ್ನು ಬೆರಳಿಗೆ ಸುತ್ತಿ, ಗಂಟು ಹಾಕಿ, ಕಡ್ಡಿಪೆಟ್ಟಿಗೆಯಲ್ಲಿಟ್ಟು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದಳು. ನಿಶ್ಚಯಕ್ಕೆ ಇನ್ನು ಎರಡೇ ದಿನ. ಗಜೇಂದ್ರಗಡದಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರೆಲ್ಲ ಗುರುತಿನವರು, ಸುದ್ದಿ ಅತ್ತೆಗೆ ಮುಟ್ಟೀತೆಂದು ಕಲ್ಲೇಶ ರೋಣದ ದಾರಿ ಹಿಡಿದ. ಮುಂಜಾನೆ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಬಾಗಿಲು ದಾಟಿ, ಹಿತ್ತಲಿನಿಂದ ಬಸ್ ನಿಲ್ದಾಣಕ್ಕೆ ಓಡಿದ. ಬಸ್ ಹತ್ತಿದರೆ ಮೂರನೆಯ ಸೀಟಿನಲ್ಲಿ ಹುಚ್ಚವ್ವ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಬಾ, ಜಾಗಾ ಹಿಡದೇನಿ" ಎಂದಳು.

ಹಿಂದಿನ ಸೀಟಿನಲ್ಲಿ ಓಣಿಯ ಹಿರಿಯ ಶಿವನಪ್ಪ, ಪಕ್ಕದಲ್ಲಿ ನಿವೃತ್ತ ಶಿಕ್ಷಕಿ ಇಂದಿರಾಬಾಯಿ. ಬಸ್ಸು ಊರು ದಾಟುವುದರೊಳಗೆ ಕಡ್ಡಿಪೆಟ್ಟಿಗೆ ಕಲ್ಲೇಶನ ಕಿಸೆಯಿಂದ ಹುಚ್ಚವ್ವನ ಕೈಗೆ, ಆಕೆಯಿಂದ ಇಂದಿರಾಬಾಯಿಗೆ, ಅಲ್ಲಿಂದ ಶಿವನಪ್ಪನಿಗೆ ದಾಟಿತು.

"ಗಂಟ ಗಟ್ಟಿ ಐತೋ ಇಲ್ಲೋ ನೋಡ್ತೀನಿ ತಡಿ" ಎಂದ ಶಿವನಪ್ಪ ಒಮ್ಮೆ ಜಗ್ಗಿದ. ಗಂಟು ಬಿಚ್ಚಿಕೊಂಡು ದಾರ ಅವನ ಕೈಯಲ್ಲಿ ಉದ್ದಕ್ಕೆ ಇಳಿಬಿದ್ದಿತು.

"ಅಯ್ಯ, ಅದಕ್ಯಾಕ ಗಾಬರಿ? ಗಂಟ ಇಲ್ಲೇ ಇತ್ತು" ಎಂದು ಇಂದಿರಾಬಾಯಿ ಬೆರಳಿಟ್ಟು ತೋರಿಸಿದರು.

"ಅಲ್ರೀ ಅಕ್ಕೋರ, ಇಲ್ಲಿತ್ತು. ನಾ ಕಣ್ಣಾರೆ ನೋಡೇನಿ" ಎಂದು ಹುಚ್ಚವ್ವ ಇನ್ನೊಂದು ಜಾಗ ಹಿಡಿದಳು.

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೂಡ ತನ್ನದೊಂದು ಜಾಗ ತೋರಿಸಿದ. ಇಂದಿರಾಬಾಯಿಯ ಲೆಕ್ಕ ಹಿಡಿದರೆ ಉಂಗುರ ತೊಟ್ಟಿಲ ಕೂಸಿಗೆ ಸರಿಯಾಗುತ್ತಿತ್ತು. ಹುಚ್ಚವ್ವನದು ಹಿಡಿದರೆ ಕಾಲಿನ ಹೆಬ್ಬೆರಳಿಗೂ ಸಡಿಲ.

ಕಲ್ಲೇಶ ಕಿಸೆಯಿಂದ ತಾಮ್ರದ ತಂತಿಯ ಒಂದು ಉಂಗುರ ತೆಗೆದ. ವೈಂಡಿಂಗಿನವನಿಗೆ ದಾರದ ಮೇಲೆ ಎಲ್ಲಿಯ ನಂಬಿಕೆ? ಕಡ್ಡಿಪೆಟ್ಟಿಗೆ ಬಂದ ದಿನವೇ ದಾರದ ಅಳತೆಗೆ, ದಾರದಂತೆಯೇ ಗಂಟು ಹಾಕಿ, ತಂತಿಯ ನಕಲು ಮಾಡಿಟ್ಟುಕೊಂಡಿದ್ದ. ಕಿಟಕಿಯ ಎಳೆಬಿಸಿಲಿಗೆ ಅದು ಮಿಂಚಿತು. ತೆಳ್ಳನೆಯ ತಂತಿ, ಮೇಲೊಂದು ಪುಟ್ಟ ಗಂಟು. ನೋಡುತ್ತ ನೋಡುತ್ತ ಅವನಿಗೆ ಹೊಳೆಯಿತು, ತಾನು ಹುಡುಕಲು ಹೊರಟ ಉಂಗುರ ಇದೇ ಎಂದು. ಸಾದಾ ಅಂದರೆ ಸಾದಾ. ಅದರ ಗಂಟೋ, ಭಾಗ್ಯಾ ತನ್ನ ಕೈಯಾರೆ ಹಾಕಿದ್ದು. ಅವನಿಗೆ ಬಸ್ಸಿನಲ್ಲೇ ಎದ್ದು ಕುಣಿಯುವಷ್ಟು ಸಂತೋಷವಾಯಿತು.

ರೋಣದಲ್ಲಿ ಇಳಿದ ಮೇಲೆ ಶಿವನಪ್ಪನಿಗೆ ತಹಶೀಲದಾರ ಕಚೇರಿಯ ಕೆಲಸ ಮರೆತುಹೋಯಿತು. ಇಂದಿರಾಬಾಯಿಗೆ ದವಾಖಾನೆ ಮರೆತುಹೋಯಿತು. ನಾಲ್ವರೂ ಮೌನೇಶ ಪತ್ತಾರನ ಅಂಗಡಿ ಹೊಕ್ಕರು.

"ಬಂಗಾರದ್ದು, ಹಿಂಗ ಬೇಕ್ರಿ" ಎಂದು ಕಲ್ಲೇಶ ತಂತಿಯ ಉಂಗುರ ಮುಂದಿಟ್ಟ.

ಪತ್ತಾರ ಅದನ್ನು ನೋಡಿ, ಕಲ್ಲೇಶನನ್ನು ನೋಡಿ, "ಉಂಗುರಾನೋ, ಚೀಲದ ಬಾಯಿ ಕಟ್ಟೂದೋ?" ಎಂದು ಕೇಳಿದ.

ಅಷ್ಟು ಸಾಕಾಯಿತು. ಹುಚ್ಚವ್ವ ಗಾಜಿನ ಪೆಟ್ಟಿಗೆಯಿಂದ ಒಂದು ಹೂವಿನ ಉಂಗುರ ತೆಗೆಸಿ, "ಇದನ್ನ ತಗೋ, ಲಕ್ಷಣ ಐತಿ" ಎಂದು ಹಟ ಹಿಡಿದಳು. ಶಿವನಪ್ಪನಿಗೆ ಹತ್ತು ಮಾರು ದೂರದಿಂದ ಕಾಣುವಂಥ ನವಿಲು ಬೇಕಿತ್ತು. ಇಂದಿರಾಬಾಯಿ ಇಬ್ಬರ ಹೆಸರಿನ ಮೊದಲ ಅಕ್ಷರ ಕೂಡಿಸಿ ಬರೆಸೆಂದರು. ಸರದಿಗಾಗಿ ಕಾಯುತ್ತಿದ್ದ ಹಸಿರು ಸೀರೆಯ ಹೆಂಗಸೊಬ್ಬಳು ಮಾತ್ರ ಸುಮ್ಮನೆ ಕೂತು ಕೇಳುತ್ತಿದ್ದಳು.

ಆಗ ಕಲ್ಲೇಶ ಬಾಯಿ ಬಿಟ್ಟ.

"ಹೂವು, ನವಲು ಎಲ್ಲಾರ ಬೆರಳಾಗೂ ಅದಾವು. ಈ ಗಂಟ ಆಕಿ ತನ್ನ ಕೈಲೆ ಹಾಕಿ ನಂಗ ಕಳಿಸ್ಯಾಳ. ದಾರ ಆದ್ರ ಹರೀತೈತಿ, ಬಿಚ್ಚತೈತಿ. ಬಂಗಾರದಾಗ ಹಾಕಿ ಕೊಟ್ರ ಜಲ್ಮದ ತನಕ ಹಂಗ ಇರ್ತೈತಿ. ಕಣ್ಣ ಮುಚ್ಚಿ ಸವರಿದ್ರೂ ಇದು ನಂದ ಅಂತ ಆಕಿಗೆ ಗೊತ್ತಾಗಬೇಕು. ನಂಗ ಇದ ಬೇಕು!"

ಕಲ್ಲೇಶ ಒಮ್ಮೆಗೇ ಇಷ್ಟು ಮಾತಾಡಿದ್ದನ್ನು ಅತ್ತೆ ಎಂದೂ ಕೇಳಿರಲಿಲ್ಲ. ಪತ್ತಾರ ಬಂಗಾರದ ತಂತಿ ಎಳೆಯಲು ಕೂತ. ಹಸಿರು ಸೀರೆಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾವೂರ ಹೆಣ್ಣೋ ತಮ್ಮಾ?"

ಹುಚ್ಚವ್ವ ಊರು, ಮನೆತನ, ಕುಲದೇವರು ಎಲ್ಲ ಹೇಳಲು ಬಾಯಿ ತೆರೆದಳು. ಇನ್ನೊಬ್ಬರು ನಡುವೆ ಬಾಯಿ ಹಾಕುವುದು ಬೇಡವೆಂದು ಕಲ್ಲೇಶ ಮೊದಲ ಬಾರಿಗೆ ಅತ್ತೆಯನ್ನು ತಡೆದ. "ಅತ್ತೀ, ಸುಮ್ನಿರು! ಯಾವೂರಾದ್ರ ಏನ್ರೀ ಅಕ್ಕಾರ?"

ಒರಟಾಗಿ ಅಂದೆನೇನೋ ಎಂದು ಮರುಕ್ಷಣವೇ ಪಾಪ ಅನ್ನಿಸಿತು. ಹಸಿರು ಸೀರೆಯಾಕೆ ತನಗೂ ನೆನಪಿಗೆ ಅಂಥ ತಂತಿಯದೊಂದು ಬೇಕೆಂದಳು. ಕಲ್ಲೇಶ ಕಿಸೆಯಿಂದ ಇನ್ನೊಂದು ತುಂಡು ತೆಗೆದು, ಗಂಟು ಬೀಳುವ ಬಗೆಯನ್ನು ವಿವರಿಸುತ್ತ ಮಾಡಿಕೊಟ್ಟ. ಅತ್ತ ಹುಚ್ಚವ್ವ ಪತ್ತಾರನ ಕಿವಿಯಲ್ಲಿ ಏನೋ ಗುಸುಗುಸು ನಡೆಸಿದ್ದಳು. ಕುಡಿಯಲು ನೀರು ಕೇಳುತ್ತಿರಬೇಕೆಂದು ಅವನು ಆ ಕಡೆ ಗಮನ ಕೊಡಲಿಲ್ಲ.

ಮಧ್ಯಾಹ್ನ ಬಂಗಾರದ ಗಂಟಿನ ಉಂಗುರ ಕಡ್ಡಿಪೆಟ್ಟಿಗೆ ಸೇರಿತು. ಕಲ್ಲೇಶ ಯುದ್ಧ ಗೆದ್ದವನಂತೆ ಸೂಡಿಗೆ ಮರಳಿದ.

ರಾತ್ರಿ ಭಾಗ್ಯಾಳ ಫೋನು ಬಂತು. "ಒಂದ ಸುದ್ದಿ ಐತ್ರಿ. ನಮ್ಮ ಜಗಳ ಕೇಳಿ ಕೇಳಿ ಬ್ಯಾಸತ್ತು, ನೀವಿನ್ನೂ ನೋಡದ ನಮ್ಮ ಅಸೂಟಿ ಊರಿನ ಚಿಗವ್ವ ಹ್ವಾದ ವಾರ ಎಲ್ಲಾರ ಹೂವಿನ ಉಂಗುರ ಇಸಗೊಂಡ ಹೋಗಿದ್ಲು, ಮುರಿಸಿ ಹೊಸಾವ ಮಾಡಸ್ತೀನಂತ. ಈಗ ತಗೊಂಡ ಬಂದ್ಲು."

"ಒಬ್ಬೊಬ್ರಿಗೆ ಒಂದೊಂದ ನಮೂನಿ ಏನ್ರಿ?"

"ಎಲ್ಲೀದು! ಒಬ್ಬಾಕಿಗೆ ಬ್ಯಾರೆ ಕೊಟ್ರ ಇನ್ನೊಬ್ಬಾಕಿ ಮಾರಿ ಸಣ್ಣದ ಮಾಡ್ತಾಳಂತ. ಐದೂ ಒಂದ ನಮೂನಿ. ತೆಳ್ಳನ್ನ ತಂತಿ, ಮ್ಯಾಲೊಂದ ಗಂಟು. ರೋಣದಾಗ ಪತ್ತಾರನ ಅಂಗಡ್ಯಾಗ ಯಾವನೋ ಒಬ್ಬವ ಹೇಳಿದ್ನಂತ, ಕೇಳಿ ಚಿಗವ್ವನ ಕಣ್ಣಾಗ ನೀರ ಬಂದ್ವಂತ. 'ಅಂಥಾ ಗಂಡ ಸಿಗಬೇಕ ನೋಡ ಭಾಗ್ಯಾ' ಅನ್ನಾಕತ್ಯಾಳ. ಯಾವೂರ ಹೆಣ್ಣಂತ ಕೇಳಿದ್ರ ಮಾತ್ರ ಸಿಡಕಿದ್ನಂತ."

ಕಲ್ಲೇಶ ಗೋಡೆಗೆ ಒರಗಿದ. ಹಸಿರು ಸೀರೆ ಕಣ್ಣ ಮುಂದೆ ಬಂತು. ಗಂಟು ಬೀಳುವ ಬಗೆಯನ್ನು ತಾನೇ ವಿವರಿಸಿದ್ದೂ ನೆನಪಾಯಿತು.

"ನೀವ ಎಂಥಾದ್ದ ತಂದೀರಿ? ಸಾದಾ ಐತಿಲ್ರಿ? ನಮ್ಮ ಮನ್ಯಾಗ ಯಾರ ಬೆರಳಾಗೂ ಇಲ್ದಂಥಾದ್ದ ಹೌದಿಲ್ರಿ?"

ಆ ದನಿಯಲ್ಲಿದ್ದ ಆಸೆಗೆ ಇಲ್ಲವೆನ್ನಲು ಅವನಿಗೆ ಮನಸ್ಸಾಗಲಿಲ್ಲ.

"ಈಗ ನಿಮ್ಮ ಮನ್ಯಾಗ... ಹೂವಿಂದು ಎಷ್ಟ ಉಳದಾವ್ರಿ?"

"ಒಂದೂ ಇಲ್ರಿ. ಪತ್ತಾರ ಎಲ್ಲಾ ಕರಗಿಸಿ ಬಿಟ್ಟಾನ."

"ಹಂಗಾರ ನಾಡದ ನೋಡೀರಂತ" ಎಂದು ಫೋನ್ ಇಟ್ಟ. ಕುಸುಬೆ ಆರಿಸುತ್ತಿದ್ದ ಅತ್ತೆಯ ಮುಂದೆ ಹೋಗಿ ನೆಲ ನೋಡುತ್ತ ನಿಂತ. "ಅತ್ತೀ... ಮುಂಜಾನೆ ನೀ ತೋರಸಿದ್ದ ಆ ಹೂವಿಂದು..."

ಹುಚ್ಚವ್ವ ಸೊಂಟದ ಚೀಲ ಬಿಚ್ಚಿ, ಗುಲಾಬಿ ಕಾಗದದ ಸಣ್ಣ ಪೊಟ್ಟಣ ಅವನ ಕೈಗಿಟ್ಟಳು. "ನನ್ನ ಹಳೇ ಝುಮಕಿ ಹಾಕಿ, ಅಳತಿ ಸರಿ ಮಾಡಿಸಿ, ಮುಂಜಾನೇನ ತಂದೇನಿ. ನೀ ಕಡೀಕ ನನ್ನ ಹಂತೇಕ ಬರ್ತೀ ಅಂತ ಗೊತ್ತಿತ್ತು."

ಝುಮಕಿಯ ಮಾತು ಕೇಳಿದ ಮೇಲೆ ಕಲ್ಲೇಶ ಈ ಅತ್ತೆಯ ಮೇಲೆ ಸಿಟ್ಟಾಗುವುದಾದರೂ ಹೇಗೆ? ಪೊಟ್ಟಣ ಬಿಚ್ಚಿ, ಹೂವಿನ ಉಂಗುರವನ್ನು ಪ್ರೀತಿಯಿಂದ ತನ್ನ ಹೆಬ್ಬೆರಳಿಗೆ ಏರಿಸಿ ನೋಡಿದ. ಅದು ಸಲೀಸಾಗಿ ಬುಡದ ತನಕ ಜಾರಿ, ಅಲ್ಲಿ ಗಿರಗಿರ ತಿರುಗಿತು.

"ಅತ್ತೀ, ಇದಕ್ಕ ಯಾವ ಅಳತಿ ಕೊಟ್ಟಿ?"

"ಬಸ್ಸಿನ್ಯಾಗ ಹೇಳಿದ್ನೆಲ್ಲೋ, ಗಂಟ ಇಲ್ಲಿತ್ತಂತ" ಎಂದಳು ಹುಚ್ಚವ್ವ.